ಸಂಬಳ ಹೆಚ್ಚಿಸಿ ಎಂದು ಕೇಳುವುದು: ಬೀಡಿ ಬ್ರಾಂಚಿನಿಂದ ಕೊಯಮತ್ತೂರಿನ ಮಿಲ್ಲಿನವರೆಗೆ

ನನ್ನ ಉಮ್ಮ ಬೀಡಿ ಕಟ್ಟುತ್ತಿದ್ದರು. ಬೆಳಗ್ಗಿನ ಮನೆಕೆಲಸ ಮುಗಿಸಿ ಗೆರಸೆಯನ್ನು ಮಡಿಲಲ್ಲಿಟ್ಟು ಕುಳಿತರೆ, ಲುಹರ್ ನಮಾಜು ಮತ್ತು ಊಟ ಬಿಟ್ಟರೆ, ಅಸರ್ ಬಾಂಗ್ ಕೇಳುವವರೆಗೆ ಬೆರಳು ನಿಲ್ಲುತ್ತಿರಲಿಲ್ಲ. ಕಟ್ಟಿದ ಬೀಡಿಯನ್ನು ಬ್ರಾಂಚಿಗೆ ಕೊಂಡುಹೋಗುವುದು, ಎಲೆ ಮತ್ತು ಹೊಗೆಸೊಪ್ಪು ತರುವುದು ನನ್ನ ಕೆಲಸ. ಸಾವಿರ ಬೀಡಿಗೆ ಇಷ್ಟು ಎಂದು ಮಜೂರಿ. ಏಪ್ರಿಲ್ ತಿಂಗಳು ಬಂತೆಂದರೆ ಆ ಮಜೂರಿಗೆ ಅಷ್ಟೋ ಇಷ್ಟೋ ಸೇರುತ್ತಿತ್ತು. "ಈ ವರ್ಷ ಡಿಎ ಎಷ್ಟಂತೆ?" ಎಂದು ಹೆಂಗಸರು ಬ್ರಾಂಚಿನ ಜಗಲಿಯಲ್ಲಿ ಮಾತಾಡಿಕೊಳ್ಳುತ್ತಿದ್ದದ್ದು ನನಗೆ ನೆನಪಿದೆ. ಡಿಎ ಎಂದರೆ ಏನೆಂದು ಅವರಲ್ಲಿ ಎಷ್ಟು ಮಂದಿಗೆ ಗೊತ್ತಿತ್ತೋ, ಆದರೆ ಅದು ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಅದಕ್ಕಾಗಿ ಉಮ್ಮ ಯಾರ ಮುಂದೆಯೂ ಬಾಯಿ ತೆರೆದವರಲ್ಲ.

ಆ ಬೀಡಿಯ ದುಡ್ಡು, ಉಪ್ಪನ ಅಂಗಡಿಯ ದುಡ್ಡು, ಬೀಡಿ ಕಾರ್ಮಿಕರ ಮಕ್ಕಳಿಗೆ ಸಿಗುವ ವಿದ್ಯಾರ್ಥಿವೇತನ ಇವೆಲ್ಲ ಸೇರಿ ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದೆ. ಈಗ ಕೊಯಮತ್ತೂರಿನಲ್ಲಿ ಪಂಪು ತಯಾರಿಸುವ ಒಂದು ಕಾರ್ಖಾನೆಯಲ್ಲಿ ಕೆಲಸ, ಆರ್.ಎಸ್. ಪುರಂನಲ್ಲಿ ವಾಸ. ಮೂರು ವರ್ಷಗಳಿಂದ ಸಂಬಳ ಒಂದೇ. ಅಷ್ಟರಲ್ಲಿ ಮನೆ ಬಾಡಿಗೆ ಎರಡು ಸಲ ಏರಿತು. ಮನೆಯವರು ನನ್ನ ಅಭಿಪ್ರಾಯ ಕೇಳಿ ಏರಿಸಿದ್ದಲ್ಲ. ಮಕ್ಕಳ ಶಾಲೆಯ ಫೀಸು ಏರಿತು. ಸಂಬಳ ಹೆಚ್ಚಿಸಿ ಎಂದು ಕೇಳಲು ಮಾಲೀಕರ ಕೋಣೆಯ ಬಾಗಿಲವರೆಗೆ ಹೋಗಿ, ಬೇರೇನೋ ಡ್ರಾಯಿಂಗಿನ ವಿಷಯ ಮಾತಾಡಿ ತಿರುಗಿ ಬಂದದ್ದು ಎರಡು ಸಲ.

ಏಳನೇ ಕ್ಲಾಸು ಓದಿದ ಉಮ್ಮನಿಗೆ ಕೇಳದೆಯೇ ಏರುತ್ತಿತ್ತು. ಡಿಪ್ಲೊಮಾ ಓದಿದ ನನಗೆ ಕೇಳಲೂ ಬಾಯಿ ಬರುತ್ತಿಲ್ಲ. ಇದು ಹೇಗಾಯಿತು ಎಂದು ಹುಡುಕುತ್ತಾ ಹೋದಾಗ ಸಿಕ್ಕಿದ ಚರಿತ್ರೆ ಇದು. ಅದರಲ್ಲಿ ಅರ್ಧ ನಮ್ಮ ಮಂಗಳೂರಿನದ್ದು, ಇನ್ನರ್ಧ ನಾನಿರುವ ಈ ಊರಿನದ್ದು.

ನಾವು ಯಾಕೆ ಕೇಳುವುದಿಲ್ಲ

ನಾವು ಬ್ಯಾರಿಗಳು ವ್ಯಾಪಾರದ ಜನ. ನಮ್ಮ ಹೆಸರೇ 'ಬ್ಯಾರ' ಎಂಬ ತುಳು ಮಾತಿನಿಂದ, ಅಂದರೆ ವ್ಯಾಪಾರದಿಂದ ಬಂತು ಎಂದು ಹಿರಿಯರು ಹೇಳುತ್ತಾರೆ. ವ್ಯಾಪಾರದವರಿಗೆ ದರ ಏರಿಸಲು ನಾಚಿಕೆ ಇಲ್ಲ. ಮಂಗಳೂರಿನ ಬಂದರಿನಲ್ಲಿ ಅಕ್ಕಿ ಮೂಟೆಯ ದರ ಏರಿದರೆ ಮರುದಿನ ಉಪ್ಪ ಅಂಗಡಿಯ ಹಲಗೆಯಲ್ಲಿ ಹಳೆಯ ಅಂಕಿ ಒರೆಸಿ ಹೊಸತು ಬರೆಯುತ್ತಾರೆ. ಗಿರಾಕಿ ಗೊಣಗಿದರೆ "ನನಗೇ ಅಷ್ಟು ಬಿದ್ದಿದೆ ಮಾರಾಯ್ರೆ" ಎನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯಿತು.

ಆದರೆ ಅದೇ ಅಂಗಡಿಯಲ್ಲಿ ಸಾಮಾನು ಕಟ್ಟುವ ಹುಡುಗನ ಸಂಬಳದ ವಿಷಯ ಬೇರೆ. ಅವನಿಗೆ ಮಧ್ಯಾಹ್ನ ಊಟ, ಎರಡು ಹೊತ್ತು ಚಾ, ಪೆರ್ನಾಲಿಗೆ ಬಟ್ಟೆ. ಸಂಬಳ ಏರುವುದು ಉಪ್ಪನಿಗೆ ಮನಸ್ಸಾದಾಗ. ಹುಡುಗ ಕೇಳಿದರೆ ಅದು ಅಧಿಕಪ್ರಸಂಗ. ಕೇಳದೆ ಸುಮ್ಮನಿದ್ದರೆ "ಒಳ್ಳೆಯ ಹುಡುಗ". ನಾನು ಬೆಳೆದದ್ದು ಈ ಎರಡು ಲೆಕ್ಕಗಳ ಮಧ್ಯೆ. ಅಕ್ಕಿಯ ದರಕ್ಕೆ ಒಂದು ಕಾರಣ ಇರುತ್ತದೆ, ಕೆಲಸದವನ ದರಕ್ಕೆ ಧಣಿಯ ಮನಸ್ಸು ಇರುತ್ತದೆ ಎಂದು ಯಾರೂ ಕಲಿಸದೆಯೇ ಕಲಿತೆ. ಕಾರ್ಖಾನೆಯಲ್ಲಿ ಮಾಲೀಕರ ಬಾಗಿಲ ಮುಂದೆ ನಿಂತಾಗ ನನ್ನೊಳಗೆ ನಿಂತದ್ದು ಅಂಗಡಿಯ ಆ ಹುಡುಗನೇ.

ಆರ್.ಎಸ್. ಪುರಂನಲ್ಲಿ ಒಂದು ಮಾತು

ಆರ್.ಎಸ್. ಪುರಂ ಎಂಬ ಹೆಸರು ಕೊಯಮತ್ತೂರು ನಗರಸಭೆಯ ಅಧ್ಯಕ್ಷರಾಗಿದ್ದ ರತ್ನಸಭಾಪತಿ ಮುದಲಿಯಾರರದ್ದು. ನೇರವಾದ ಅಡ್ಡ ಉದ್ದ ಬೀದಿಗಳು, ದಿವಾನ್ ಬಹದ್ದೂರ್ ರೋಡಿನ ಉದ್ದಕ್ಕೂ ಬಟ್ಟೆ ಅಂಗಡಿ, ಬೇಕರಿ, ಕ್ಲಿನಿಕ್. ಈಗ ನೋಡಿದರೆ ಇದು ಹಣವಂತರ ಬಡಾವಣೆ. ಆದರೆ ಪೂಮಾರ್ಕೆಟಿನ ಕಡೆಗೆ ನಡೆದರೆ ದೇವಾಂಗಪೇಟೆ ಸಿಗುತ್ತದೆ, ದೇವಾಂಗ ಶಾಲೆ ಸಿಗುತ್ತದೆ. ದೇವಾಂಗರು ನೇಕಾರರು. ಕೊಯಮತ್ತೂರಿನ ದೇವಾಂಗರಲ್ಲಿ ಅನೇಕರ ಮನೆಮಾತು ಇಂದಿಗೂ ಕನ್ನಡ. ತಲೆಮಾರುಗಳ ಹಿಂದೆ ಇಲ್ಲಿಗೆ ಬಂದು ನೆಲೆಸಿದವರು. ಅವರ ಕನ್ನಡದಲ್ಲಿ ತಮಿಳು ಬೆರೆತಿದೆ, ನಮ್ಮ ಬ್ಯಾರಿ ಮಾತಿನಲ್ಲಿ ತುಳು, ಮಲಯಾಳ ಬೆರೆತ ಹಾಗೆ. ಮೊದಲ ಸಲ ಚಾ ಅಂಗಡಿಯಲ್ಲಿ ಆ ಕನ್ನಡ ಕೇಳಿದಾಗ ನನಗೆ ಊರಿನ ಬಸ್ಸಿನಲ್ಲಿ ಕೂತ ಹಾಗಾಯಿತು.

ಅಲ್ಲಿ ಪರಿಚಯವಾದ ಒಬ್ಬ ಹಿರಿಯರು ಮಿಲ್ಲಿನಲ್ಲಿ ದುಡಿದು ನಿವೃತ್ತರಾದವರು. ನನ್ನ ಸಂಬಳದ ಗೋಳು ಕೇಳಿ ಅವರು ಕೇಳಿದ್ದು ಒಂದೇ ಪ್ರಶ್ನೆ: "ನಿಮಗೆ ಪಂಜಪ್ಪಡಿ ಇಲ್ಲವೇ?"

ಪಂಜಪ್ಪಡಿ ಎಂದರೆ ತಮಿಳಿನಲ್ಲಿ ಡಿಎ. ನಾವು ತುಟ್ಟಿಭತ್ಯೆ ಎನ್ನುತ್ತೇವೆ. ತಮಿಳಿನ ಮಾತಿನಲ್ಲಿ 'ಪಂಜಂ' ಎಂದರೆ ಬರಗಾಲ, 'ಪಡಿ' ಎಂದರೆ ಅಳತೆ, ಭತ್ಯೆ. ಪಡಿ ನಮಗೆ ಹೊಸ ಪದವಲ್ಲ. ರೇಷನ್ನಿಗೆ ನಾವು ಪಡಿತರ ಎನ್ನುವುದು ಅದೇ ಪಡಿಯಿಂದ. ಬರಗಾಲದಲ್ಲಿ ಅಳೆದು ಕೊಡುವ ಪಾಲು ಎಂಬ ಅರ್ಥ ಆ ಪದದಲ್ಲೇ ಕೂತಿದೆ. ಆ ಪಾಲು ಈ ಊರಿಗೆ ಹೇಗೆ ಬಂತು ಎಂದು ಓದತೊಡಗಿದೆ.

ಮಿಲ್ಲುಗಳ ಊರು

ಕೊಯಮತ್ತೂರಿನಲ್ಲಿ ಮೊದಲ ಹತ್ತಿ ಮಿಲ್ಲನ್ನು 1888ರಲ್ಲಿ ಸ್ಥಾಪಿಸಿದವರು ರಾಬರ್ಟ್ ಸ್ಟೇನ್ಸ್. ಮುಂದಿನ ನಲವತ್ತು ವರ್ಷ ಮಿಲ್ಲುಗಳ ಸಂಖ್ಯೆ ನಿಧಾನವಾಗಿ ಏರಿತು. ನೀಲಗಿರಿಯ ಪೈಕಾರದಿಂದ 1932ರಲ್ಲಿ ಜಲವಿದ್ಯುತ್ ಬಂದ ಮೇಲೆ ಚಿತ್ರ ಬದಲಾಯಿತು. ಕಲ್ಲಿದ್ದಲು ದೂರದಿಂದ ತರಿಸಬೇಕಾಗಿಲ್ಲ. ಸುತ್ತ ಹತ್ತಿ ಬೆಳೆಯುವ ಕಪ್ಪುಮಣ್ಣು. ಹಳ್ಳಿಗಳಿಂದ ದುಡಿಯಲು ಬರುವ ಜನ. ಕೆಲವೇ ವರ್ಷಗಳಲ್ಲಿ ಊರಿನ ಸುತ್ತ ಮಿಲ್ಲುಗಳ ಸಾಲೇ ಎದ್ದಿತು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಮಿಲ್ ಮಾಲೀಕರು 1933ರಲ್ಲೇ ತಮ್ಮದೊಂದು ಸಂಘ ಕಟ್ಟಿಕೊಂಡರು. ದಕ್ಷಿಣ ಭಾರತ ಮಿಲ್ ಮಾಲೀಕರ ಸಂಘ, ಈಗಲೂ ಸೈಮಾ ಎಂದೇ ಹೆಸರು. ಹತ್ತಿಯ ದರ, ತೆರಿಗೆ, ವಿದ್ಯುತ್ತು ಇವುಗಳ ಬಗ್ಗೆ ಸರಕಾರದ ಹತ್ತಿರ ಕೇಳುವುದಕ್ಕೆ ಒಬ್ಬೊಬ್ಬರೇ ಹೋದರೆ ಆಗದು ಎಂದು ಅವರಿಗೆ ಗೊತ್ತಿತ್ತು. ಒಟ್ಟಾಗಿ ಕೇಳುವುದನ್ನು ಕೂಲಿಯವರು ಮಾತ್ರ ಮಾಡಿದ್ದು ಎಂದು ತಿಳಿಯಬಾರದು. ಧಣಿಗಳೂ ಅದನ್ನೇ ಮಾಡಿದರು, ಯಾವ ನಾಚಿಕೆಯೂ ಇಲ್ಲದೆ ಮಾಡಿದರು.

ಕೆಲಸದವರ ಕಡೆಯಲ್ಲಿ ಆಗ ಅಳತೆ ಎಂಬುದು ಇರಲಿಲ್ಲ. ಒಂದೇ ಕೆಲಸಕ್ಕೆ ಒಂದು ಮಿಲ್ಲಿನಲ್ಲಿ ಒಂದು ಸಂಬಳ, ಪಕ್ಕದ ಮಿಲ್ಲಿನಲ್ಲಿ ಇನ್ನೊಂದು. ಕೆಲಸಕ್ಕೆ ಸೇರಿಸುವವನು, ತೆಗೆಯುವವನು ಮೇಸ್ತ್ರಿ. ಕಾರ್ಖಾನೆ ಕಾಯ್ದೆ 1934ರಲ್ಲಿ ವಾರಕ್ಕೆ 54 ಗಂಟೆ ಎಂದು ಮಿತಿ ಹಾಕಿತು. ಸಂಬಳ ಎಷ್ಟಿರಬೇಕು ಎಂದು ಅದು ಹೇಳಲಿಲ್ಲ. ಮದ್ರಾಸ್ ಪ್ರಾಂತ್ಯದಲ್ಲಿ 1937ರಲ್ಲಿ ರಾಜಾಜಿಯವರ ಸರಕಾರ ಬಂದು ವಿ.ವಿ. ಗಿರಿಯವರು ಕಾರ್ಮಿಕ ಮಂತ್ರಿಯಾದಾಗ ಇಲ್ಲಿನ ಮಿಲ್ಲುಗಳಲ್ಲಿ ಒಂದರ ಹಿಂದೆ ಒಂದು ಮುಷ್ಕರ ನಡೆದವು. ಎನ್.ಜಿ. ರಾಮಸ್ವಾಮಿಯಂಥ ಯುವಕರು ಮಿಲ್ ಗೇಟಿನ ಮುಂದೆ ನಿಂತು ಸಂಘ ಕಟ್ಟಿದರು. ಸರಕಾರ ವಿಚಾರಣಾ ಮಂಡಳಿ ನೇಮಿಸಿತು; ಅದರ ವರದಿ 1938ರಲ್ಲಿ ಬಂತು. ಕೆಲಸದವನಿಗೆ ಎಷ್ಟು ಸಿಗುತ್ತಿದೆ ಎಂಬುದು ಸರಕಾರದ ಕಾಗದದ ಮೇಲೆ ಬಂತು.

ಯುದ್ಧ, ಅಕ್ಕಿ, 1946

ಎರಡನೇ ಮಹಾಯುದ್ಧ ಬಂತು. ಮಿಲ್ಲುಗಳಿಗೆ ಕೈತುಂಬ ಕೆಲಸ. ಬರ್ಮಾ 1942ರಲ್ಲಿ ಜಪಾನಿನ ಕೈಗೆ ಹೋದ ಮೇಲೆ ಅಲ್ಲಿಂದ ಮದ್ರಾಸ್ ಪ್ರಾಂತ್ಯಕ್ಕೆ ಬರುತ್ತಿದ್ದ ಅಕ್ಕಿ ನಿಂತಿತು. ದರ ಏರಿತು. ನಮ್ಮ ದಕ್ಷಿಣ ಕನ್ನಡವೂ ಆಗ ಇದೇ ಪ್ರಾಂತ್ಯದಲ್ಲಿತ್ತು; ಆ ಕಾಲದ ರೇಷನ್ನಿನ ಕಥೆಗಳನ್ನು ನಮ್ಮ ಮನೆಗಳ ಹಿರಿಯರೂ ಹೇಳುತ್ತಿದ್ದರು. ಸಂಬಳ ನಿಂತಲ್ಲೇ ನಿಂತು ಅಕ್ಕಿ ಮಾತ್ರ ಮೇಲೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಪುಸ್ತಕ ಓದಬೇಕಾಗಿಲ್ಲ. ಅದೇ ದುಡಿಮೆ, ಅದೇ ಸಂಬಳ, ಮನೆಗೆ ಬರುವ ಅಕ್ಕಿ ಕಡಿಮೆ. ಯಾರೂ ಸಂಬಳ ಇಳಿಸಲಿಲ್ಲ, ಆದರೂ ಸಂಬಳ ಇಳಿಯಿತು.

ಈ ಊರಿಗೆ 1946 ಕೆಟ್ಟ ವರ್ಷ. ರಂಗವಿಲಾಸ್ ಮಿಲ್ಲಿನ ನಾಲ್ವರು ಕೆಲಸಗಾರರನ್ನು ಒಂದು ಕೊಲೆ ಪ್ರಕರಣದಲ್ಲಿ ಜನವರಿ 8ರಂದು ಕೊಯಮತ್ತೂರು ಜೈಲಿನಲ್ಲಿ ಗಲ್ಲಿಗೇರಿಸಲಾಯಿತು. ಚಿನ್ನಿಯಂಪಾಳಯಂ ಹುತಾತ್ಮರು ಎಂದು ಕಾರ್ಮಿಕ ಸಂಘಗಳು ಇಂದಿಗೂ ಅವರನ್ನು ನೆನೆಯುತ್ತವೆ. ಅದೇ ವರ್ಷ ನವೆಂಬರ್ 11ರಂದು ಸ್ಟೇನ್ಸ್ ಮಿಲ್ಲಿನ ಕಾರ್ಮಿಕರ ಮೇಲೆ ಪೊಲೀಸರು ಗುಂಡು ಹಾರಿಸಿದರು. 11 ಮಂದಿ ಸತ್ತರು. ಈಗ ನಾವು ಆಫೀಸಿನಲ್ಲಿ ಕೂತು "ಕೇಳಲಾ, ಬೇಡವಾ" ಎಂದು ಎರಡು ಮನಸ್ಸು ಮಾಡುತ್ತೇವೆ. ಕೇಳುವುದಕ್ಕೆ ಇಷ್ಟು ದೊಡ್ಡ ಬೆಲೆ ಕೊಟ್ಟವರು ನಾನು ದಿನಾ ಬೈಕಿನಲ್ಲಿ ಓಡಾಡುವ ಊರಿನಲ್ಲೇ ಇದ್ದರು.

ಮುಂದಿನ ವರ್ಷ, 1947ರಲ್ಲಿ, ಮದ್ರಾಸ್ ಪ್ರಾಂತ್ಯದ ಹತ್ತಿ ಮಿಲ್ಲುಗಳಿಗೆ ಒಂದು ಕೈಗಾರಿಕಾ ನ್ಯಾಯಮಂಡಳಿಯ ತೀರ್ಪು ಬಂತು. ಕನಿಷ್ಠ ಮೂಲ ಸಂಬಳ ತಿಂಗಳಿಗೆ 26 ರೂಪಾಯಿ ಎಂದಾಯಿತು. ಮುಂಬಯಿಯಲ್ಲಿ ಅದು 30, ಅಹಮದಾಬಾದಿನಲ್ಲಿ 28. ಈ 26 ರೂಪಾಯಿಗಿಂತ ದೊಡ್ಡದು ಅದರ ಜೊತೆ ಬಂದ ತುಟ್ಟಿಭತ್ಯೆ. ಮದ್ರಾಸ್ ನಗರದ ಜೀವನವೆಚ್ಚದ ಸೂಚ್ಯಂಕ ಒಂದು ಅಂಶ ಏರಿದರೆ ಸಂಬಳಕ್ಕೆ ಇಷ್ಟು ಸೇರಬೇಕು ಎಂಬ ಲೆಕ್ಕ. ಅಂದರೆ ಅಕ್ಕಿ, ಬೇಳೆ, ಬಟ್ಟೆ, ಸೌದೆ, ಬಾಡಿಗೆ ಇವುಗಳ ದರವನ್ನು ಯಾರೋ ಒಬ್ಬರು ಪ್ರತಿ ತಿಂಗಳು ಬರೆದಿಡಬೇಕು. ಅವು ಏರಿದಷ್ಟು ಸಂಬಳವೂ ಏರಬೇಕು. ಕೆಲಸದವನು ಟೊಪ್ಪಿ ತೆಗೆದು ಬಾಗಿಲಲ್ಲಿ ನಿಲ್ಲಬೇಕಾಗಿಲ್ಲ. ಧಣಿ ಒಳ್ಳೆಯವನೋ ಕೆಟ್ಟವನೋ ಎಂಬ ಪ್ರಶ್ನೆಯೂ ಬೇಡ.

ಉಪ್ಪ ಹಲಗೆಯಲ್ಲಿ ಅಕ್ಕಿಯ ದರ ಒರೆಸಿ ಬರೆಯುವ ಹಾಗೆಯೇ ಇದು. ಮದ್ರಸದಲ್ಲಿ ಉಸ್ತಾದರು ಸೂರತುಲ್ ಮುತಫ್ಫಿಫೀನ್ ಓದಿಸುವಾಗ, ಅಳತೆಯಲ್ಲಿ ಕಡಿಮೆ ಕೊಡುವವರ ಬಗ್ಗೆ ಅಲ್ಲಿ ಎಷ್ಟು ಕಠಿಣವಾಗಿ ಹೇಳಿದೆ ಎಂದು ಕಲಿಸಿದ್ದರು. ತಕ್ಕಡಿಯ ಮುಂದೆ ಕೂತ ನಮ್ಮಂಥವರಿಗೆ ಅದು ಅಂಗಡಿಯ ಪಾಠ. ಸಂಬಳಕ್ಕೂ ಒಂದು ತಕ್ಕಡಿ ಇದೆ ಎಂದು ನನಗೆ ಹೊಳೆದದ್ದು ಈ ತೀರ್ಪಿನ ವಿಷಯ ಓದಿದಾಗ.

ಉಮ್ಮನ ಏಪ್ರಿಲ್ ಎಲ್ಲಿಂದ ಬಂತು

ಈಗ ಮಂಗಳೂರಿಗೆ ಬರೋಣ. ಕನಿಷ್ಠ ವೇತನ ಕಾಯ್ದೆ 1948ರಲ್ಲಿ ಬಂತು. ಅದರ ಜೊತೆಗಿದ್ದ ಉದ್ಯೋಗಗಳ ಪಟ್ಟಿಯಲ್ಲಿ ಮೊದಲಿನಿಂದಲೂ ಬೀಡಿ ಕೆಲಸ ಸೇರಿತ್ತು. ಆದರೆ ಪಟ್ಟಿಯಲ್ಲಿ ಇದ್ದ ಮಾತ್ರಕ್ಕೆ ಮನೆಯಲ್ಲಿ ಕೂತು ಕಟ್ಟುವ ಹೆಂಗಸಿಗೆ ಅದು ತಲುಪುವುದು ಸುಲಭವಿರಲಿಲ್ಲ. ಬೀಡಿಯ ಹೆಸರು ಒಬ್ಬರದ್ದು, ಎಲೆ ಕೊಡುವ ಕಂತ್ರಾಟುದಾರ ಇನ್ನೊಬ್ಬ, ಕಟ್ಟುವವಳು ತನ್ನ ಮನೆಯಲ್ಲಿ. ಇವಳ ಧಣಿ ಯಾರು? "ನಮ್ಮ ಕೆಲಸದವಳೇ ಅಲ್ಲ" ಎಂದು ಹೇಳಿ ಕೈತೊಳೆಯಲು ಎಲ್ಲರಿಗೂ ದಾರಿಯಿತ್ತು.

ಈ ದಾರಿ ಮುಚ್ಚಲು ಸಂಸತ್ತು 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಮಾಡಿತು. ಮನೆಯಲ್ಲಿ ಕಟ್ಟುವವಳೂ ಕಾರ್ಮಿಕಳೇ ಎಂದು ಅದು ಒಪ್ಪಿತು. ಜಾರಿಗೆ ತರುವ ಹೊಣೆ ರಾಜ್ಯಗಳದ್ದು. ಕೇರಳ ಮೊದಲು ಹೊರಟಿತು. ಆಗ ನಡೆದದ್ದನ್ನು ನಾವು ಮರೆಯಬಾರದು. ಮಂಗಳೂರಿನ ಗಣೇಶ್ ಬೀಡಿ ಸಂಸ್ಥೆ 1968ರ ಅಕ್ಟೋಬರಿನಲ್ಲಿ ಕೇರಳದ ತನ್ನ ಕೆಲಸ ನಿಲ್ಲಿಸಿತು. ಕಾಸರಗೋಡು ಆಗ ಕಣ್ಣೂರು ಜಿಲ್ಲೆಯೊಳಗೇ ಇತ್ತು. ಆ ಕಡೆಯಲ್ಲಿ ಸುಮಾರು 12,000 ಮಂದಿ ಕೆಲಸ ಕಳೆದುಕೊಂಡರು. ಕೇಳಿದ್ದಕ್ಕೆ ಸಿಕ್ಕಿದ ಉತ್ತರ ಅದು. ಆ ಕೆಲಸಗಾರರನ್ನು ಸೇರಿಸಿ 1969ರ ಫೆಬ್ರವರಿಯಲ್ಲಿ ಕಣ್ಣೂರಿನಲ್ಲಿ ದಿನೇಶ್ ಬೀಡಿ ಸಹಕಾರಿ ಸಂಘ ಹುಟ್ಟಿತು. ಕೆಲಸ ಕಳೆದುಕೊಂಡವರೇ ತಮ್ಮ ಬೀಡಿಗೆ ತಾವೇ ಒಡೆಯರಾದರು.

ಕಾಯ್ದೆಯ ವಿರುದ್ಧ ಬೀಡಿ ಕಂಪೆನಿಗಳು ಸುಪ್ರೀಂ ಕೋರ್ಟಿಗೆ ಹೋದವು. ಗಣೇಶ್ ಬೀಡಿ ಸಂಸ್ಥೆಯ ಹೆಸರಿನ ಆ ಪ್ರಕರಣದಲ್ಲಿ 1974ರ ಜನವರಿಯಲ್ಲಿ ತೀರ್ಪು ಬಂತು, ಕಾಯ್ದೆ ನಿಂತಿತು. ಎರಡು ವರ್ಷದ ನಂತರ, 1976ರಲ್ಲಿ, ಬೀಡಿ ಕಾರ್ಮಿಕರ ಕಲ್ಯಾಣ ನಿಧಿಯ ಕಾಯ್ದೆ ಬಂತು. ನನ್ನ ವಿದ್ಯಾರ್ಥಿವೇತನದ ಬೇರು ಅಲ್ಲಿದೆ. ಕರ್ನಾಟಕದಲ್ಲಿ ಬೀಡಿಯ ಕನಿಷ್ಠ ಮಜೂರಿಗೆ ಬೆಲೆ ಸೂಚ್ಯಂಕ ನೋಡಿ ಏಪ್ರಿಲ್ 1ರಿಂದ ತುಟ್ಟಿಭತ್ಯೆ ಸೇರಿಸುತ್ತಾರೆ. ಉಮ್ಮನ ಏಪ್ರಿಲ್ ಹೀಗೆ ಬಂದದ್ದು. ಉಮ್ಮ ಕೇಳಲಿಲ್ಲ ಎಂದು ನಾನು ಮೊದಲು ಬರೆದೆ. ಉಮ್ಮನ ಪರವಾಗಿ ಬೇರೆಯವರು ಮೊದಲೇ ಕೇಳಿ ಆಗಿತ್ತು ಎಂದು ಬರೆದರೆ ಹೆಚ್ಚು ಸರಿ. ಆ ಕೆಲವು ರೂಪಾಯಿ ಸೇರುವುದಕ್ಕೆ ಮುಂಚೆ ಎಷ್ಟೋ ಮಂದಿಯ ಕೆಲಸ ಹೋಗಿತ್ತು.

ತಿರುಪ್ಪೂರಿನ 127 ದಿನ

ಇಷ್ಟು ಓದಿದವರಿಗೆ ಕೇಳಿದರೆ ಸಿಗುತ್ತದೆ ಎಂಬ ಸುಲಭ ಪಾಠ ಕಾಣಬಹುದು. ಕೊಯಮತ್ತೂರಿನಿಂದ ಒಂದು ಗಂಟೆಯ ದಾರಿಯಲ್ಲಿರುವ ತಿರುಪ್ಪೂರು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ.

ನಮ್ಮ ಮಕ್ಕಳ ಬನಿಯನ್, ಟೀ ಶರ್ಟು ಬಹುಪಾಲು ತಿರುಪ್ಪೂರಿನದ್ದು. ಅಲ್ಲಿನ ಬನಿಯನ್ ಕಂಪೆನಿಗಳ ಮಾಲೀಕರಲ್ಲಿ ಅನೇಕರು ಒಂದು ಕಾಲಕ್ಕೆ ಅದೇ ಕಂಪೆನಿಗಳಲ್ಲಿ ಕಟಿಂಗ್, ಹೊಲಿಗೆ ಮಾಡಿದವರು. ತೊಳಿಲಾಳಿಯಾಗಿ ಹೊಕ್ಕು ಮೊದಲಾಳಿಯಾಗಿ ಹೊರಬಂದವರು. "ನಾನೂ ನಿನ್ನ ಹಾಗೆ ಕಷ್ಟಪಟ್ಟೇ ಮೇಲೆ ಬಂದದ್ದು" ಎಂದು ಹೇಳುವ ಧಣಿಯ ಹತ್ತಿರ ಸಂಬಳ ಕೇಳುವುದು ಇನ್ನೂ ಕಷ್ಟ. ಇದು ನಮ್ಮವರ ಅಂಗಡಿ, ಹೋಟೆಲುಗಳಲ್ಲಿ ದುಡಿದವರಿಗೆ ಚೆನ್ನಾಗಿ ಗೊತ್ತು.

ತಿರುಪ್ಪೂರಿನ ಬನಿಯನ್ ಕೆಲಸಗಾರರು 1984ರಲ್ಲಿ ಪಂಜಪ್ಪಡಿಗಾಗಿ ಮುಷ್ಕರ ಹೂಡಿದರು. ಅದು 127 ದಿನ ನಡೆಯಿತು. ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಒಲೆ ಹೇಗೆ ಉರಿಯಿತು ಎಂದು ಯೋಚಿಸಿ. ಕೊನೆಗೆ ಎರಡೂ ಕಡೆಯವರು ರಾಜಿಗೆ ಬಂದರು. ಆದರೆ ನಂತರದ ವರ್ಷಗಳಲ್ಲಿ ದೊಡ್ಡ ಕಂಪೆನಿಯೊಳಗಿನ ಕೆಲಸ ತುಂಡು ತುಂಡಾಗಿ ಸಣ್ಣ ಘಟಕಗಳಿಗೆ, ಕಾಂಟ್ರಾಕ್ಟಿನವರಿಗೆ ಹೋಗತೊಡಗಿತು. ಒಂದೇ ಸೂರಿನಡಿ ಇದ್ದವರು ಹತ್ತು ಕಡೆ ಚದುರಿದರೆ ಒಟ್ಟಾಗಿ ಕೇಳುವುದು ಕಷ್ಟ. ಹಾಗಿದ್ದೂ ಕೇಳುವ ಪದ್ಧತಿ ಅಲ್ಲಿ ಸಾಯಲಿಲ್ಲ. ಮಾಲೀಕರ ಸಂಘಗಳು ಮತ್ತು ಕಾರ್ಮಿಕ ಸಂಘಗಳು ಕೆಲವು ವರ್ಷಗಳಿಗೊಮ್ಮೆ ಕೂತು ಯಾವ ಕೆಲಸಕ್ಕೆ ಎಷ್ಟು ಎಂದು ಒಪ್ಪಂದ ಮಾಡಿಕೊಳ್ಳುತ್ತವೆ. ಅದು ಎಲ್ಲ ಘಟಕಗಳಿಗೂ ಸರಿಯಾಗಿ ತಲುಪುತ್ತದೆ ಎಂದು ನಾನು ಹೇಳಲಾರೆ. ಆದರೆ ಕೇಳುವವನ ಕೈಯಲ್ಲಿ ತೋರಿಸಲು ಒಂದು ಕಾಗದ ಇರುತ್ತದೆ.

ಕಣ್ಣೂರು ಮತ್ತು ತಿರುಪ್ಪೂರು ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ನನಗೆ ಕಾಣುವುದು ಇಷ್ಟು. ಒಂದೇ ಕಡೆಯವರು ಕೇಳಿದಾಗ ಕೆಲಸ ಇನ್ನೊಂದು ಕಡೆಗೆ ಜಾರುತ್ತದೆ. ಎಲ್ಲರಿಗೂ ಒಂದೇ ಅಳತೆ ಬಂದ ಮೇಲೆ ಜಾರಲು ಜಾಗ ಕಡಿಮೆಯಾಗುತ್ತದೆ.

ನನ್ನ ಅಳತೆ ಎಲ್ಲಿ ಹೋಯಿತು

ನನ್ನ ವಿಷಯಕ್ಕೆ ಬಂದರೆ, ನಮ್ಮ ಕಾರ್ಖಾನೆಯಲ್ಲಿ ಲೇತಿನ ಮುಂದೆ ನಿಲ್ಲುವವರಿಗೆ ತುಟ್ಟಿಭತ್ಯೆ ಇದೆ. ನನಗೆ ಇಲ್ಲ. ಡಿಪ್ಲೊಮಾ ಇದ್ದ ಕಾರಣ ಎರಡೇ ವರ್ಷದಲ್ಲಿ ನನ್ನನ್ನು ಸೂಪರ್‌ವೈಸರ್ ಮಾಡಿದರು. ಊರಿಗೆ ಫೋನು ಮಾಡಿ ಹೇಳಿದಾಗ ಉಮ್ಮ ನೆರೆಮನೆಗೆಲ್ಲ ಸಿಹಿ ಹಂಚಿದ್ದರು. ಸೂಪರ್‌ವೈಸರ್ ಆಗಿ ಸಂಬಳ ಒಂದು ಮಿತಿ ದಾಟಿದವನು 1947ರ ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ 'ವರ್ಕ್‌ಮನ್' ಆಗಿರಲಿಲ್ಲ. ಸಂಘದ ಒಪ್ಪಂದ ಅವನಿಗೆ ಅನ್ವಯಿಸುವುದಿಲ್ಲ. ತುಟ್ಟಿಭತ್ಯೆಯ ಸೂತ್ರವೂ ಇಲ್ಲ. ನಾನು ಮೇಲೆ ಹತ್ತಿದ್ದು ನಿಜ, ಆದರೆ ಹತ್ತುವಾಗ ತಕ್ಕಡಿಯಿಂದ ಕೆಳಗಿಳಿದಿದ್ದೆ. ನಮ್ಮ ಹುಡುಗರಲ್ಲಿ ಈಗ ಡಿಪ್ಲೊಮಾ, ಬಿ.ಇ., ಬಿ.ಕಾಂ. ಮಾಡಿದವರು ಬಹಳ. ಅವರಲ್ಲಿ ಹೆಚ್ಚಿನವರ ಸ್ಥಿತಿ ಇದೇ. ಮತ್ತೆ ಅಂಗಡಿಯ ಹುಡುಗನ ಲೆಕ್ಕ, ಶರ್ಟಿಗೆ ಮಾತ್ರ ಇಸ್ತ್ರಿ.

ಸೂತ್ರ ಇಲ್ಲದವನು ಸೂತ್ರವನ್ನು ತಾನೇ ಹಾಕಿ ತೋರಿಸಬೇಕು. ಲೆಕ್ಕ ಕಷ್ಟದ್ದಲ್ಲ. ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕವನ್ನು ಕೇಂದ್ರ ಸರಕಾರದ ಲೇಬರ್ ಬ್ಯೂರೋ ಪ್ರತಿ ತಿಂಗಳು ಪ್ರಕಟಿಸುತ್ತದೆ. ಈಗಿನ ಸರಣಿಯಲ್ಲಿ 2016ರ ದರಗಳನ್ನು 100 ಎಂದು ಹಿಡಿದಿದ್ದಾರೆ. ದರ ಸಂಗ್ರಹಿಸುವ ಕೇಂದ್ರಗಳಲ್ಲಿ ಕೊಯಮತ್ತೂರೂ ಒಂದು. ಕೊನೆಯ ಸಲ ಸಂಬಳ ಏರಿದ ತಿಂಗಳಿನ ಸೂಚ್ಯಂಕ ಬರೆದುಕೊಳ್ಳಿ, ಈಗಿನದ್ದನ್ನು ಬರೆದುಕೊಳ್ಳಿ. ಎರಡೂ ಒಂದೇ ಸರಣಿಯದ್ದಾಗಿರಬೇಕು. ಹಳೆಯ ಸಂಬಳವನ್ನು ಈಗಿನ ಸೂಚ್ಯಂಕದಿಂದ ಗುಣಿಸಿ, ಹಳೆಯ ಸೂಚ್ಯಂಕದಿಂದ ಭಾಗಿಸಿ. ಉದಾಹರಣೆಗೆ ಸಂಬಳ 30,000, ಆಗಿನ ಸೂಚ್ಯಂಕ 120, ಈಗಿನದ್ದು 138 ಎಂದಿರಲಿ. ಉತ್ತರ 34,500. ಇದು ಹೆಚ್ಚಳವಲ್ಲ, ನಿಂತಲ್ಲೇ ನಿಲ್ಲಲು ಬೇಕಾದ ಮೊತ್ತ. ಕೆಲಸ ಕಲಿತದ್ದಕ್ಕೆ, ಜವಾಬ್ದಾರಿ ಹೆಚ್ಚಿದ್ದಕ್ಕೆ ಕೇಳುವುದು ಇದರ ಮೇಲೆ.

ಈ ಲೆಕ್ಕ ಹಾಕಿದ ಮೇಲೆ ನನ್ನ ನಾಚಿಕೆ ಅರ್ಧ ಇಳಿಯಿತು. ಯಾಕೆಂದರೆ ನಾನು ಮಾಲೀಕರ ಮನಸ್ಸನ್ನು ಕೇಳಲು ಹೋಗುತ್ತಿರಲಿಲ್ಲ. ಹಲಗೆಯ ಮೇಲಿನ ಹಳೆಯ ದರ ಒರೆಸಿ ಎಂದು ಹೇಳಲು ಹೋಗುತ್ತಿದ್ದೆ.

ಉಳಿದರ್ಧ ಭಯ. ಅದಕ್ಕೆ ನಮ್ಮ ವಿಭಾಗದ ಇನ್ನಿಬ್ಬರು ಸೂಪರ್‌ವೈಸರುಗಳ ಹತ್ತಿರ ಮಾತಾಡಿದೆ. ಅವರ ಸ್ಥಿತಿಯೂ ಅದೇ. ಒಬ್ಬರು ಬಂದರು, ಇನ್ನೊಬ್ಬರಿಗೆ ಮಗಳ ಮದುವೆ ಹತ್ತಿರ, ಈಗ ಬೇಡ ಎಂದರು. ಅವರನ್ನು ನಾನು ತಪ್ಪು ಹೇಳುವುದಿಲ್ಲ. ಒಂದು ಹಾಳೆಯಲ್ಲಿ ಮೇಲೆ ಸೂಚ್ಯಂಕದ ಲೆಕ್ಕ, ಕೆಳಗೆ ಮೂರು ವರ್ಷದಲ್ಲಿ ನಮ್ಮ ಮೇಲೆ ಬಂದ ಹೊಸ ಕೆಲಸಗಳ ಪಟ್ಟಿ ಬರೆದು ಇಬ್ಬರೂ ಒಳಗೆ ಹೋದೆವು. ನಮ್ಮ ಮಾಲೀಕರೂ ಲೇತಿನಿಂದ ಮೇಲೆ ಬಂದವರು. ಕನ್ನಡಕ ಹಾಕಿ ಎರಡು ಸಲ ಓದಿದರು. ಅಷ್ಟು ಆಗುವುದಿಲ್ಲ, ಸೂಚ್ಯಂಕದಷ್ಟು ಏಪ್ರಿಲಿನಿಂದ ಮಾಡೋಣ, ಉಳಿದದ್ದು ಆರ್ಡರ್ ನೋಡಿಕೊಂಡು ಎಂದರು. ಏಪ್ರಿಲ್ ಎಂಬುದನ್ನು ಹಾಳೆಯ ಮೇಲೆ ಬರೆದು ಕೊಡಿ ಎಂದೆ. ಸ್ವಲ್ಪ ಹೊತ್ತು ನನ್ನ ಮುಖ ನೋಡಿ ಬರೆದುಕೊಟ್ಟರು. ಕೇಳಿದ್ದು ಪೂರ್ತಿ ಸಿಗಲಿಲ್ಲ. ಆದರೆ ಉಮ್ಮನಿಗೆ ಇದ್ದ ಹಾಗೆ ನನಗೂ ಈಗ ಒಂದು ಏಪ್ರಿಲ್ ಇದೆ.

ಅಂಗಡಿಯ ಹುಡುಗ

ಕೇಳುವವರಿಗೆ ಮಾತ್ರ ಬರೆದು ಮುಗಿಸಿದರೆ ಈ ಲೇಖನ ಅರ್ಧವಾಗುತ್ತದೆ. ನಮ್ಮಲ್ಲಿ ಕೊಡುವವರೂ ಬಹಳ. ಮಂಗಳೂರಿನಿಂದ ಬೆಂಗಳೂರು, ಗಲ್ಫಿನವರೆಗೆ ಎಷ್ಟೋ ಬ್ಯಾರಿ ಅಂಗಡಿ, ಹೋಟೆಲುಗಳಲ್ಲಿ ಹುಡುಗರು ದುಡಿಯುತ್ತಿದ್ದಾರೆ. ಝಕಾತಿನಲ್ಲಿ, ಸದಕದಲ್ಲಿ ನಮ್ಮವರ ಕೈ ಸಣ್ಣದಲ್ಲ. ಆದರೆ ಸದಕ ಬೇರೆ, ಕೂಲಿ ಬೇರೆ. ಪೆರ್ನಾಲಿಗೆ ಕೊಡುವ ಬಟ್ಟೆಯನ್ನು ಸಂಬಳದ ಲೆಕ್ಕಕ್ಕೆ ಹಾಕಿದರೆ ಎರಡೂ ಕೆಡುತ್ತವೆ.

ಆ ದಿನ ರಾತ್ರಿ ಉಪ್ಪನಿಗೆ ಫೋನು ಮಾಡಿ ಎಲ್ಲ ಹೇಳಿದೆ. ಉಪ್ಪನಿಗೆ ಖುಷಿಯಾಯಿತು. ಆಮೇಲೆ ಕೇಳಿದೆ: ನಮ್ಮ ಅಂಗಡಿಯ ಹುಡುಗನಿಗೆ ಕೊನೆಯ ಸಲ ಸಂಬಳ ಏರಿಸಿದ್ದು ಯಾವಾಗ? ಉಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ನೆಟ್‌ವರ್ಕ್ ಸರಿ ಇಲ್ಲ" ಎಂದು ಫೋನು ಇಟ್ಟರು.

ಪೆರ್ನಾಲಿಗೆ ಊರಿಗೆ ಹೋದಾಗ ಲೆಕ್ಕದ ಪುಸ್ತಕ ತೆರೆದು ನೋಡಿದೆ. ಹುಡುಗನ ಹೆಸರಿನ ಮುಂದೆ ಹಳೆಯ ಅಂಕಿಗೆ ಗೀಟು ಹಾಕಿ ಹೊಸತು ಬರೆದಿದ್ದರು. ನಾನೂ ಅಲ್ಲೇ ಕೂತು ಸೂಚ್ಯಂಕದ ಲೆಕ್ಕ ಹಾಕಿದೆ. ಇನ್ನೂ ಮುನ್ನೂರು ರೂಪಾಯಿ ಕಡಿಮೆ ಇತ್ತು. ತೋರಿಸಿದಾಗ ಉಪ್ಪ, "ಊಟ ಕೊಡುತ್ತೇನಲ್ಲ" ಎಂದರು. ಊಟದ ಅಕ್ಕಿಯ ದರವೂ ಈ ಲೆಕ್ಕದಲ್ಲಿ ಇದೆ ಉಪ್ಪ ಎಂದೆ. ಹುಡುಗ ಸಕ್ಕರೆ ಕಟ್ಟುತ್ತಾ ತಲೆ ತಗ್ಗಿಸಿ ನಿಂತಿದ್ದ; ಕಿವಿ ಮಾತ್ರ ನಮ್ಮ ಕಡೆಗಿತ್ತು.